ಮದುವೆ ಗಂಡಿನ ತೋಳು

ನನ್ನ ತಂಗಿಯನ್ನು ಮದುವೆಯಾಗಬೇಕಿದ್ದ ಗಂಡಿನ ಎರಡೂ ತೋಳುಗಳನ್ನು ಹೋದ ಸೋಮವಾರ ನಾನೊಬ್ಬನೇ ಕಡಿದು ಹಾಕಿದೆ.

ಕತ್ತಿ ಹಿಡಿಯಲಿಲ್ಲ, ಮಚ್ಚು ಹಿಡಿಯಲಿಲ್ಲ. ಗ್ರಾಮರ್ ಹಿಡಿದೆ. (ನಾನು ಮಳವಳ್ಳಿಯಲ್ಲಿ ಇಂಗ್ಲಿಷ್ ಮೇಷ್ಟ್ರು ಅನ್ನುವುದು ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದವರು ಪುಣ್ಯವಂತರು.)

ನಡೆದದ್ದು ಇಷ್ಟು. ತಂಗಿ ಗೌರಿಯ ಮದುವೆಗೆ ಇನ್ನು ಆರೇ ದಿನ. ಗಂಡು ಕೊಪ್ಪದ ಸಿದ್ದೇಗೌಡ. ಚಪ್ಪರಕ್ಕೆ ಗಳ ಬಂದು ಅಂಗಳದಲ್ಲಿ ಬಿದ್ದಿತ್ತು. ಅಷ್ಟರಲ್ಲಿ ಟೆಲಿಗ್ರಾಂ ಬಂತು. ಟೆಲಿಗ್ರಾಂ ಬಂದರೆ ಓದುವ ಮೊದಲೇ ಅಳುವುದು ನಮ್ಮ ಬೀದಿಯ ಪದ್ಧತಿ. ಅವ್ವ ಪದ್ಧತಿ ಪ್ರಕಾರ ಶುರು ಮಾಡಿದಳು.

ಬಿಚ್ಚಿದೆ. ‘ಗ್ರೂಮ್ ಫೆಲ್ ಫ್ರಮ್ ಕಾರ್ಟ್. ನಾಟ್ ಆರ್ಮ್ಡ್. ಮ್ಯಾರೇಜ್ ಆಸ್ ಫಿಕ್ಸ್ಡ್.’

ಗಂಡು ಗಾಡಿಯಿಂದ ಬಿದ್ದಿದ್ದಾನೆ, ಸರಿ. ಮದುವೆ ಗೊತ್ತಾದಂತೆಯೇ, ಅದೂ ಸರಿ. ನಡುವೆ ಈ ನಾಟ್ ಆರ್ಮ್ಡ್ ಏನು?

ಪಕ್ಕದ ಮನೆಯ ರಿಟೈರ್ಡ್ ದಫೇದಾರರು ಬೇಲಿ ಆಚೆಯಿಂದಲೇ ಅರ್ಥ ಹೇಳಿದರು. “ಆರ್ಮ್ಡ್ ಅಂದ್ರೆ ಬಂದೂಕು ಇಟ್ಕೊಂಡಿರೋನು ಕಣ್ಲಾ. ಗಂಡು ಬಂದೂಕಿಲ್ದೆ ಬಿದ್ದವ್ನೆ, ಅಷ್ಟೇಯ.”

ಅವ್ವ ಅಳು ನಿಲ್ಲಿಸಿದಳು. “ಎತ್ತಿನ ಗಾಡೀಲಿ ಓಗೋನ್ಗೆ ಬಂದೂಕ್ಯಾಕಣ್ಣ?”

ಒಳ್ಳೆಯ ಪ್ರಶ್ನೆ. ನಾನು ಅಲ್ಲಿಗೇ ಸುಮ್ಮನಿದ್ದಿದ್ದರೆ ಈ ಅಂಕಣವೇ ಇರುತ್ತಿರಲಿಲ್ಲ. ಆದರೆ ಮೇಷ್ಟ್ರು ಸುಮ್ಮನಿರುವುದುಂಟೆ? ಹಾರ್ನ್ಡ್ ಅಂದರೆ ಕೊಂಬುಳ್ಳದ್ದು, ವಿಂಗ್ಡ್ ಅಂದರೆ ರೆಕ್ಕೆಯುಳ್ಳದ್ದು, ಆರ್ಮ್ಡ್ ಅಂದರೆ ತೋಳುಳ್ಳದ್ದು. ಆದ್ದರಿಂದ ನಾಟ್ ಆರ್ಮ್ಡ್ ಅಂದರೆ ತೋಳಿಲ್ಲದವನು. ಒಂದು ಹೋಗಿ ಒಂದು ಉಳಿದಿದ್ದರೆ ಒನ್-ಆರ್ಮ್ಡ್ ಎಂದು ಬರೆಯುತ್ತಿದ್ದರು. ಹಾಗೆ ಬರೆದಿಲ್ಲ. ಎರಡೂ ಹೋಗಿವೆ!

ಇಷ್ಟನ್ನೂ ನಾನು ಬೋರ್ಡಿನ ಮುಂದೆ ನಿಂತವನ ಹಾಗೆ ವಿವರಿಸಿದೆ. ಅವ್ವನಿಗೆ ಅಳುವಿಗಿಂತ ಸಿಟ್ಟು ಮೊದಲು ಬಂತು.

“ತೋಳಿಲ್ದೋನ್ಗೆ ಎಣ್ ಕೊಡಿ ಅಂತ ತಂತಿ ಬೇರೆ ಕಳಿಸ್ತಾರಾ? ತಾಳಿ ಏನ್ ಬಾಯಲ್ಲಿ ಕಟ್ಟಾನಾ? ಬ್ಯಾಡ, ಈ ಮದ್ವೇನೇ ಬ್ಯಾಡ ಬುಡು!”

ದಫೇದಾರರು ಆಗಲೇ ಗಳ ಎಣಿಸತೊಡಗಿದರು, ವಾಪಸ್ ಕಳಿಸಲು. ಗೌರಿ ಮಾತ್ರ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ತಲೆ ಎತ್ತದೆಯೇ ಹೇಳಿದಳು.

“ಅಣ್ಣ, ನಿನ್ ಇಂಗ್ಲೀಸ್ ನಂಬ್ಕಂಡು ಮದ್ವೆ ಮುರಿಯಕ್ಕಾಯ್ತದಾ? ಓಗಿ ಕಣ್ಣಾರ ನೋಡ್ಕಂಡ್ ಬನ್ನಿ.”

ಹೊರಟೆವು, ನಾನೂ ಅವ್ವನೂ. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿ, ನಮಗೆ ಉಳಿದಿರುವುದು ಇದ್ದಿಲು ಬಸ್ಸು. ಇಳಿಜಾರಿನಲ್ಲಿ ಅದು ನಮ್ಮನ್ನು ಹೊತ್ತಿತು, ಏರಿನಲ್ಲಿ ನಾವು ಅದನ್ನು ತಳ್ಳಿದೆವು. ಮದ್ದೂರಿನಲ್ಲಿ ಇಳಿದು ಕೊಪ್ಪದ ಗಾಡಿ ಹಿಡಿಯುವ ಹೊತ್ತಿಗೆ ನನ್ನ ತೋಳುಗಳೂ ಇಲ್ಲದಂತೆಯೇ ಆಗಿದ್ದವು.

ಗಂಡು ಜಗಲಿಯ ಮೇಲೆ ಕೂತಿದ್ದ. ಕತ್ತಿನವರೆಗೂ ಕಂಬಳಿ! ಅವ್ವ ನನ್ನ ಮುಖ ನೋಡಿದಳು. ನಾನು ಕಂಬಳಿ ನೋಡಿದೆ. ತೋಳಿನ ಆಕಾರ ಏನೂ ಕಾಣಲಿಲ್ಲ.

ಅವ್ವ ಚೀಲದಿಂದ ಒಂದು ಚಕ್ಕುಲಿ ತೆಗೆದಳು. “ತಗೋ ಕಣಪ್ಪ.”

ಕಂಬಳಿಯೊಳಗಿಂದ ಬಲಗೈ ಬಂತು.

“ಇನ್ನೊಂದ್ ತಗೋ.”

“ಸಾಕು ಅತ್ತೆ.”

“ತಗೋಪ್ಪ, ಆ ಕೈಲೂ ಒಂದ್ ತಗೋ!”

ಪಾಪ, ಎಡಗೈ ಕೂಡ ಬಂತು. ಅವ್ವ ಎರಡನ್ನೂ ಹಿಡಿದುಕೊಂಡು ಬೆರಳು ಎಣಿಸಿದಳು. ಹತ್ತೂ ಇದ್ದವು. ಬಿದ್ದ ಮೈಕೈ ನೋವಿಗೆ ಹರಳೆಣ್ಣೆ ಹಚ್ಚಿ ಕಂಬಳಿ ಹೊದಿಸಿದ್ದರಂತೆ, ಅಷ್ಟೇ.

ತಂತಿ ಕಳಿಸಿದವರು ಗಂಡಿನ ಚಿಕ್ಕಪ್ಪ. ಕನ್ನಡಕ ಮರೆತು ಹೋಗಿದ್ದರಿಂದ ಮದ್ದೂರಿನ ತಂತಿ ಆಫೀಸಿನಲ್ಲಿ ಬಾಯಲ್ಲೇ ಹೇಳಿ ಬರೆಸಿದ್ದರು. ನಾನು ಟೆಲಿಗ್ರಾಂ ತೋರಿಸಿದೆ.

“ನೆಟ್ಟಗೇ ಬರ್ದವ್ರಲ್ಲ ಮೇಷ್ಟ್ರೇ! ನಾಟ್ ಆರ್ಮ್ಡ್. ಗಂಡಿಗೆ ಏನೂ ಆನಿ ಆಗಿಲ್ಲ ಅಂತ. ಊರೋರು ಏನೇನೋ ಯೋಳಿ ನೀವು ಗಾಬ್ರಿ ಆಗ್ಬಾರ್ದಲ್ಲ, ಅದ್ಕೇ ಕಳ್ಸಿದ್ದು!”

ಆನಿ! ಹಾನಿ! ಹಾರ್ಮ್ಡ್!

ನಮ್ಮ ಸೀಮೆಯಲ್ಲಿ ಹಳ್ಳಿ ಅಳ್ಳಿ, ಹಾಲು ಆಲು, ಹೆಂಡತಿ ಎಂಡ್ತಿ. ಇಂಗ್ಲಿಷಿನವನ ಹಾರ್ಮ್ ಮಾತ್ರ ಪೂರ್ತಿಯಾಗಿ ಉಳಿಯಬೇಕೆ? ಪರವೂರಿನಿಂದ ಬಂದ ತಂತಿ ಗುಮಾಸ್ತ ಕೇಳಿದ್ದನ್ನು ಬರೆದ. ನಾನು ಬರೆದದ್ದನ್ನು ನಂಬಿದೆ. ಇಬ್ಬರೂ ಸಂಬಳ ತೆಗೆದುಕೊಳ್ಳುವವರು.

ನನಗೆ ನಾಚಿಕೆಯಾಯಿತು. ಅದನ್ನು ಮುಚ್ಚಿಕೊಳ್ಳಲು ಅಲ್ಲೇ ಪಾಠ ಶುರು ಮಾಡಿದೆ. ಡ್ಯಾಮೇಜ್ ಮಾಡುವುದು ಗಾಡಿಗೆ, ಇಂಜರ್ ಮಾಡುವುದು ಮೈಗೆ. ಹಾರ್ಮ್ ಮಾತ್ರ ಯಾರಿಗೆ ಬೇಕಾದರೂ ಆದೀತು, ರಕ್ತ ಬರಬೇಕಾಗಿಲ್ಲ, ಮಾಡಿದವನಿಗೆ ಗೊತ್ತೇ ಆಗದಿರಲೂಬಹುದು. ಚಿಕ್ಕಪ್ಪ ಆಕಳಿಸಿದರು. ಗಂಡು ಮಾತ್ರ ಗಮನವಿಟ್ಟು ಕೇಳಿಸಿಕೊಂಡ.

ಆಮೇಲೆ ಚಕ್ಕುಲಿ ಮುರಿಯುತ್ತಾ ಮೆಲ್ಲಗೆ ಕೇಳಿದ. “ಅತ್ತೆ, ಒಂದ್ ಕೈ ನಿಜ್ವಾಗ್ಲೂ ಓಗಿದ್ರೆ ಎಣ್ ಕೊಡ್ತಿದ್ರಾ?”

ಅವ್ವನಿಗೆ ಯೋಚನೆ ಮಾಡಿ ಮಾತಾಡುವ ಅಭ್ಯಾಸವೇ ಇಲ್ಲ.

“ಎಡಗೈ ಆಗಿದ್ರೆ ಕೊಡ್ತಿದ್ದೋ ಕಣಪ್ಪ.”

ಜಗಲಿಗೆ ಜಗಲಿಯೇ ನಕ್ಕಿತು. ಅವನೂ ನಕ್ಕ. ನಕ್ಕು, ಬಲಗೈಯನ್ನು ಒಮ್ಮೆ ನೋಡಿಕೊಂಡು, ಎರಡನ್ನೂ ಕಂಬಳಿಯೊಳಕ್ಕೆ ಎಳೆದುಕೊಂಡ.

ಈಗ ಹೇಳಿ: ಗಾಡಿಯಿಂದ ಬಿದ್ದಾಗ ಆಗದ ಹಾರ್ಮ್, ಗಂಡಿಗೆ ಈಗ ಆಯಿತೋ ಇಲ್ಲವೋ?