ನಾನು ನಿಜ ಹೇಳಿದ್ದಕ್ಕೆ ಸಿಕ್ಕ ಹೊಗಳಿಕೆ

ಮದುವೆಯಾಗಿ ವರ್ಷಗಳಾದರೂ ನಮಗೆ ಮಕ್ಕಳಾಗಲಿಲ್ಲ. ಅಮ್ಮ ನನ್ನ ಹೆಂಡತಿಗೆ ಸಿಕ್ಕಸಿಕ್ಕ ಬೇರಿನ ಪುಡಿಯನ್ನೆಲ್ಲ ಕುಡಿಸಿದಳು. ಕೊನೆಗೆ ನಾನು ಕೆಲಸ ಮಾಡುವ ಕಡಕೊಳದ ಕಾರ್ಖಾನೆಗೆ ರಜೆ ಹಾಕಿ, ಇಬ್ಬರೂ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡೆವು. ಅವಳದೆಲ್ಲ ಸರಿಯಿತ್ತು. ನನ್ನಲ್ಲಿ ವೀರ್ಯಾಣುಗಳು ತೀರ ಕಡಿಮೆ, ಇರುವವಕ್ಕೂ ಚಲನೆ ಸಾಲದು ಎಂದರು ಡಾಕ್ಟರು.

ಚಿಕಿತ್ಸೆ ಇದೆ. ಅವಳ ಅಂಡಾಣುಗಳನ್ನು ಹೊರತೆಗೆದು, ಒಂದೊಂದರೊಳಕ್ಕೂ ನನ್ನ ಒಂದೊಂದು ವೀರ್ಯಾಣುವನ್ನು ಸೂಜಿಯಿಂದ ಸೇರಿಸಿ, ಭ್ರೂಣವಾದರೆ ಅವಳ ಗರ್ಭದಲ್ಲಿಡುತ್ತಾರೆ. ಹೆಚ್ಚು ಅಂಡಾಣು ಬೆಳೆಯಲೆಂದು ಅವಳ ಹೊಟ್ಟೆಗೆ ದಿನಾ ಇಂಜೆಕ್ಷನ್. ತೊಂದರೆ ನನ್ನದು, ಚುಚ್ಚುವುದು ಅವಳಿಗೆ! ನಾನೇನು ಮಾಡಬೇಕು ಎಂದು ಕೇಳಿದರೆ, "ಸಿಗರೇಟು ಬಿಡಿ" ಎಂದರು. ನಾನು ಜನ್ಮದಲ್ಲಿ ಸಿಗರೇಟು ಸೇದಿದವನಲ್ಲ.

ಮನೆಯಲ್ಲಾದರೂ ನಿಜ ಹೇಳೋಣವೆಂದು ಅಮ್ಮನ ಮುಂದೆ ಕೂತೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು.

"ಸುಮ್ನಿರೋ. ನಮ್ಮನೆ ಗಂಡಸರಿಗೆ ಅಂಥದ್ದೆಲ್ಲ ಎಲ್ಲಿಂದ ಬಂತು? ಹೆಂಡ್ತೀನ ಬಿಟ್ಕೊಡಬಾರ್ದು ಅಂತ ಹೇಳ್ತಿದೀಯ, ಬುಡು."

ರಿಪೋರ್ಟು ಮುಂದೆ ಹಿಡಿದೆ. ಕನ್ನಡಕ ಇಲ್ಲ ಎಂದಳು. ಕನ್ನಡಕ ಹಣೆಯ ಮೇಲೇ ಇತ್ತು.

ಹೋದ ತಿಂಗಳು ಒಂಟಿಕೊಪ್ಪಲಿನಲ್ಲಿ ನನ್ನ ಸೋದರತ್ತೆಯ ಸೊಸೆಗೆ ಸೀಮಂತ. ಮುತ್ತೈದೆಯರು ಒಬ್ಬೊಬ್ಬರಾಗಿ ಹೋಗಿ ಬಸುರಿಗೆ ಬಳೆ ತೊಡಿಸುತ್ತಿದ್ದರು. ನನ್ನ ಹೆಂಡತಿಯ ಸರದಿ ಬಂದಾಗ ಸೋದರತ್ತೆ, "ಕೋಸಂಬರಿಗೆ ಉಪ್ಪು ಸರಿಯಾಗಿದೆಯಾ ನೋಡೋಗಮ್ಮ" ಎಂದು ಅವಳನ್ನು ಅಡುಗೆಮನೆಗೆ ಅಟ್ಟಿದರು. ನನಗೆ ಮೈಯೆಲ್ಲ ಉರಿಯಿತು.

"ಅತ್ತೆ, ಅವಳಲ್ಲಿ ಏನೂ ತೊಂದರೆ ಇಲ್ಲ. ಇರೋದು ನನ್ನಲ್ಲಿ. ಡಾಕ್ಟರೇ ಹೇಳಿದ್ದಾರೆ" ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ಸೌಟು ಹಿಡಿದು ನಿಂತಿದ್ದಳು. ಈಗಲಾದರೂ ಕರೆದು ತೊಡಿಸಲು ಬಳೆ ಕೊಡುತ್ತಾರೆ ಅಂದುಕೊಂಡೆ. ಸೋದರತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಅವಳ ಕಡೆ ತಿರುಗಿದರು.

"ಇಂಥ ಗಂಡ ಸಿಗೋಕೆ ಪುಣ್ಯ ಮಾಡಿದೀಯ ಕಣಮ್ಮ. ನಿನ್ನ ಕೊರತೇನ ತನ್ನ ತಲೆ ಮೇಲೆ ಹಾಕ್ಕೊಂಡವ್ನೆ."

ಉಳಿದ ಹೆಂಗಸರೆಲ್ಲ ಹೌದು ಹೌದೆಂದು ತಲೆದೂಗಿದರು. ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಊಟಕ್ಕೆ ಕೂತಾಗ ನನ್ನ ಎಲೆಗೆ ಕೇಳದೆಯೇ ಇನ್ನೊಂದು ಒಬ್ಬಟ್ಟು ಬಿತ್ತು.

ವಾಪಸು ಬರುವಾಗ ಸ್ಕೂಟರಿನಲ್ಲಿ ನಾನು ಸೋದರತ್ತೆಯನ್ನೂ ಅಮ್ಮನನ್ನೂ ದಾರಿಯುದ್ದಕ್ಕೂ ಬೈದೆ. ಮನೆ ಮುಂದೆ ಇಳಿದು ಅವಳೆಂದಳು:

"ರೀ, ದಮ್ಮಯ್ಯ, ಇನ್ನು ಯಾರಿಗೂ ಹೇಳಬೇಡಿ. ನೀವು ಹೇಳಿದಷ್ಟೂ ನಿಮ್ಮನ್ನ ದೇವರಂಥವರು ಅಂತಾರೆ. ಬಂಜೆ ನಾನೇ ಅನ್ನೋದು ಅವರಿಗೆ ಇನ್ನಷ್ಟು ಖಾತ್ರಿಯಾಗುತ್ತೆ."