ಮುನ್ನಿಬೀಯ ಹೆಸರಿಗೆ ನನ್ನ ಹೆಬ್ಬೆಟ್ಟು

ಮುನ್ನಿಬೀ ಬೀದರದ ನಮ್ಮ ಓಣಿಯ ಸೂಲಗಿತ್ತಿ. ನನ್ನ ಮಗಳ ಹೆರಿಗೆ ಮಾಡಿಸಿದವಳೂ ಅವಳೇ. ಭಾಲ್ಕಿಯಲ್ಲಿ ಅವಳ ಹೆಸರಿಗೇ ಖರೀದಿಸಿದ ಎರಡಂಕಣದ ಮನೆಯಿತ್ತು. ನಿಜಾಮನ ರಾಜ್ಯ ಬಿದ್ದ ಪೊಲೀಸ್ ಆಕ್ಷನ್ನಿನ ದಿನಗಳಲ್ಲಿ ಗಂಡನನ್ನು ಕಳೆದುಕೊಂಡು, ಉಟ್ಟ ಬಟ್ಟೆಯಲ್ಲೇ ಇಲ್ಲಿಗೆ ಓಡಿ ಬಂದಿದ್ದಳು. ಎರಡು ವರ್ಷದಿಂದ ಆ ಮನೆಯಲ್ಲಿ ಬೇರೆಯವರಿದ್ದರು. ಅದನ್ನು ವಾಪಸ್ ಕೇಳುವ ಅರ್ಜಿಯನ್ನು, ನಾನು ಹೈದರಾಬಾದಿನಲ್ಲಿ ಓದಿದವಳೆಂದು, ನನ್ನಿಂದಲೇ ಬರೆಸಿದಳು.

"ಖಾಲಾ, ನಾಳಿ ಮುಂಜಾನಿ ಬಂದು ಹೆಬ್ಬೆಟ್ಟ ಒತ್ತಿ ಹೋಗ್ರಿ" ಎಂದಿದ್ದೆ.

ಬರಲಿಲ್ಲ. ನೌಬಾದದಲ್ಲಿ ಯಾರದೋ ಹೆರಿಗೆ ಕಷ್ಟವಾಗಿತ್ತಂತೆ. ಅಂದೇ ಕಡೆಯ ದಿನ. ಅರ್ಜಿ ಒಯ್ಯಬೇಕಿದ್ದ ನನ್ನ ಗಂಡ ಹೊಸ್ತಿಲಲ್ಲಿ ನಿಂತು, "ಆತೇನ? ಕಚೇರಿ ನನ್ನ ಸಲುವಾಗಿ ಕಾಯ್ತದೇನ?" ಎನ್ನುತ್ತಿದ್ದರು. ಮಗಳ ಮೈ ಬೇರೆ ಬಿಸಿಯಾಗಿತ್ತು. ಒಳಗೆ ಹೋಗಿ ನನ್ನದೇ ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿಬಿಟ್ಟೆ. ಓದು ಬಾರದವರ ಗುರುತು, ಯಾರದಾದರೇನು ಎಂದುಕೊಂಡೆ. ಆಮೇಲೆ ಬೂದಿ ಹಾಕಿ ಬೆರಳು ತಿಕ್ಕಿದೆ. ನೋಡಿದವರು ನನ್ನನ್ನೂ ಹೆಬ್ಬೆಟ್ಟಿನವಳು ಎಂದಾರೆಂದು.

ತಿಂಗಳಾದ ಮೇಲೆ ಮುನ್ನಿಬೀ ಒಂದು ಕಾಗದ ತಂದಳು. "ಏನ ಬರದಾರ ನೋಡು ಬೇಟಿ. ಮನಿ ಕೊಟ್ರೇನ?"

ಕಚೇರಿಯ ದಾಖಲೆಯಲ್ಲಿರುವ ಹಳೆಯ ಖರೀದಿ ಪತ್ರದ ಹೆಬ್ಬೆಟ್ಟಿಗೂ ಅರ್ಜಿಯದಕ್ಕೂ ಹೊಂದಿಕೆಯಿಲ್ಲ, ಅರ್ಜಿ ಸುಳ್ಳು. ತಕರಾರಿದ್ದರೆ ಎಂಟು ದಿನದೊಳಗೆ ಹಾಜರಾಗಬೇಕು ಎಂದಿತ್ತು. ಕೂಸನ್ನು ಬಿಟ್ಟು ಜೈಲಿಗೆ ಹೋಗುವುದೇ ಕಣ್ಣ ಮುಂದೆ ಬಂತು.

"ಇನ್ನಾ ಟೈಮ್ ಅದ ಅಂತ ಬರದಾರ, ಖಾಲಾ" ಎಂದೆ.

ಏಳು ದಿನ ಸುಮ್ಮನಿದ್ದೆ. ಎಂಟನೆಯ ದಿನ ಮುನ್ನಿಬೀ ನನ್ನ ಮಗಳಿಗೆ ಎಣ್ಣೆ ತಿಕ್ಕುತ್ತ, ಅವಳ ಮುಷ್ಟಿ ಬಿಡಿಸಿ ನಕ್ಕಳು. "ಎಷ್ಟ ಕೂಸ ಹಿಡದೇನಿ! ಒಂದರ ಬೆರಳಿನ ಗೆರಿ ಇನ್ನೊಂದಕ್ಕ ಇಲ್ಲ ನೋಡು."

ನಾನು ಅಳುತ್ತ ಎಲ್ಲ ಹೇಳಿದೆ. ಅವಳ ಕೈ ನಿಂತಿತು. "ಕೂಸಿನ ಮೈ ಒರಸು. ಕಚೇರಿಗಿ ನಡಿ" ಎಂದಳಷ್ಟೆ.

ಕಚೇರಿಯಲ್ಲಿ ಬೆರಳಚ್ಚು ನೋಡುವ ಕಾಶೀರಾಮ ಇಬ್ಬರ ಹೆಬ್ಬೆಟ್ಟನ್ನೂ ಒತ್ತಿಸಿ, ಭೂತಗನ್ನಡಿ ಹಿಡಿದರು. ಅವಳ ಬೆರಳಿನ ಗೆರೆ ಖರೀದಿ ಪತ್ರದಲ್ಲಿದ್ದಂಥದೇ ಸುಳಿ, ನನ್ನದು ಬರೀ ಕಮಾನು.

"ಓದಿದ ಬಾಯಾರ, ಇದು ನಿಜಾಮನ ಜೇಲಿನ ಕಳ್ಳರಿಗೂ ಗೊತ್ತಿತ್ತು. ನಿಮ್ಮ ಸಾಲ್ಯಾಗ ಕಲಸಲಿಲ್ಲೇನ್ರಿ?"

ಗುಮಾಸ್ತರೆಲ್ಲ ನಕ್ಕರು. ಮುನ್ನಿಬೀ ನಗಲಿಲ್ಲ. "ಬಿಡ್ರಿ ಸಾಹೇಬ್, ಮೊಲಿ ಉಣ್ಣೋ ಕೂಸದ ಆಕಿಗಿ" ಎಂದಳು. ನನ್ನಿಂದ ತಪ್ಪೊಪ್ಪಿಗೆ ಬರೆಸಿಕೊಂಡು ಬಿಟ್ಟರು.

ಮನೆ ಅವಳಿಗೆ ಸಿಕ್ಕಿತು. ನನಗದು ತಿಳಿದದ್ದು ಅವಳು ಗಾಡಿಗೆ ಗಂಟು ಏರಿಸುವಾಗ. ಹುಕುಮಿನ ಕಾಗದವನ್ನು ನಮ್ಮ ಬಾಗಿಲ ಮುಂದಿನಿಂದಲೇ ಹಿಡಿದುಕೊಂಡು ಹೋಗಿ, ಆಚೆ ಓಣಿಯ ಕಿರಾಣಿ ಅಂಗಡಿಯ ನಬೀಸಾಬರಿಂದ ಓದಿಸಿದ್ದಳು.