ಕಾಂತಾಬಾಯಿ ಮತ್ತು ನನ್ನ ಪಲಂಗ

ನಮ್ಮ ಅತ್ತೆ ಕಾಂತಾಬಾಯಿ ಔರಾದಿನಲ್ಲಿ ಮೂವತ್ತೊಂದು ವರ್ಷ ಅಂಗನವಾಡಿ ಸಹಾಯಕಿಯಾಗಿದ್ದವರು. ಊರಿನ ಅರ್ಧ ಜನರ ಮೂಗು ಒರೆಸಿದ ಕೈ ಅವರದು. ಈಗ ಮೀಸೆ ಬಿಟ್ಟ ಗಂಡಸರು ಬೈಕು ನಿಲ್ಲಿಸಿ ನಮಸ್ಕಾರ ಮಾಡಿದರೆ ಅವರು ಮೊದಲು ಕೇಳುವುದು, "ಈಗರೆ ಪಾಲಕ್ ತಿಂತಿಯೋ ಇಲ್ಲೋ?" ಎಂದು. ಮಂದಿ ಏನು ಅಂದುಕೊಳ್ಳುತ್ತಾರೋ ಎಂಬ ಚಿಂತೆ ಅವರ ಹತ್ತಿರ ಸುಳಿಯುವುದಿಲ್ಲ. ಹಾಸ್ಟೆಲ್ಲಿನಲ್ಲಿದ್ದು ಬೀದರಿನಲ್ಲಿ ಓದಿದ ನನಗೆ ಅದನ್ನು ಬಿಟ್ಟರೆ ಬೇರೆ ಚಿಂತೆಯೇ ಇಲ್ಲ. ಮಗಳು ಆಮ್ರಪಾಲಿ ಹುಟ್ಟಿದ ಮೇಲಂತೂ ಅದು ದುಪ್ಪಟ್ಟಾಗಿದೆ.

ಹೋದ ವರ್ಷ ನನಗೆ ಬೀದರಿನಲ್ಲಿ ಗಣಿತದ ಎಂ.ಎಸ್ಸಿ. ಸೀಟು ಸಿಕ್ಕಿತು. ಅಲ್ಲಿನ ನೌಬಾದಿನಲ್ಲಿ ಮೊದಲ ಮಹಡಿಯ ಎರಡು ಕೋಣೆ ಹಿಡಿದೆವು. ನನ್ನ ಗಂಡ ಗೌರವ ಭಾಲ್ಕಿಯ ದಾಲ್ ಮಿಲ್ಲಿನಲ್ಲಿ ಮೆಕ್ಯಾನಿಕ್. ಅವರು ಶನಿವಾರ ಸಂಜೆ ನೌಬಾದಿಗೆ ಬರುವುದು, ಅತ್ತೆ ಔರಾದಿನಲ್ಲಿಯೇ ಇರುವುದು ಎಂದಾಯಿತು. ನಾನು ತರಗತಿಗೆ ಹೋದಾಗ ಎರಡೂವರೆ ವರ್ಷದ ಆಮುವನ್ನು ನೋಡಿಕೊಳ್ಳಲು ಮನೆಯ ಮಾಲಕಿ ಖತೀಜಾ ಬೇಗಂ ಒಪ್ಪಿದರು. ಅವರದು ಒಂದೇ ಷರತ್ತು: "ಮಧ್ಯಾಹ್ನ ಎರಡ ತಾಸ ನಾ ಮಲಗತೇನಿ. ಹುಡುಗಿನೂ ಮಲಗಬೇಕು ನೋಡವ್ವ. ಇಲ್ಲಾಂದ್ರ ನನ್ನ ಕೈಲೆ ಆಗಂಗಿಲ್ಲ."

ಹಾಗಾಗಿ ಎಲ್ಲವೂ ಪಲಂಗದ ಮೇಲೆ ನಿಂತಿತು. ನನ್ನ ಮದುವೆಗೆ ಅಪ್ಪ ಖಟಕ ಚಿಂಚೋಳಿಯಿಂದ ಬಂದು, ಔರಾದಿನ ಬಡಿಗ ಮುನೀರೋದ್ದೀನರ ಕೈಯಲ್ಲೇ ಮಾಡಿಸಿ ಕೊಟ್ಟ ಸಾಗವಾನಿ ಪಲಂಗ ಅದು. ತಲೆಯ ಕಡೆಯ ಹಲಗೆಯಲ್ಲಿ ಎರಡು ನವಿಲುಗಳಿವೆ. ಆಮು ನವಿಲಿನ ಗರಿಗಳ ಮೇಲೆ ಬೆರಳಾಡಿಸುತ್ತ ಮೂರನೆಯ ಗರಿಗೆ ಬರುವಷ್ಟರಲ್ಲಿ ನಿದ್ದೆ ಹೋಗುತ್ತಾಳೆ. ಬೇರೆಲ್ಲಿ ಹಾಕಿದರೂ ಎದ್ದು ಕೂರುತ್ತಾಳೆ.

"ಅಷ್ಟ ದೊಡ್ಡದು ಯಾಕ ಒಯ್ಯೋದು? ಬೀದರ್‌ದಾಗ ಫೋಲ್ಡಿಂಗ್ ಕಾಟ್ ತಗೊಂಡ್ರಾಯ್ತು," ಎಂದರು ಗೌರವ ಫೋನಿನಲ್ಲಿ.

ನಾನು ಅಂಥದೊಂದು ಕಾಟನ್ನು ಔರಾದಿನ ಮನೆಗೇ ಎರವಲು ತಂದು ಮೂರು ಮಧ್ಯಾಹ್ನ ಪರೀಕ್ಷೆ ಮಾಡಿದೆ. ಮೊದಲ ದಿನ ಆಮು ಅದರ ಮೇಲೆ ಕುಣಿದಳು. ಎರಡನೆಯ ದಿನ ಅದರ ಕೆಳಗೆ ಹೋಗಿ ಕೂತಳು. ಮೂರನೆಯ ದಿನ ನಾನೇ ಅದರ ಮೇಲೆ ನಿದ್ದೆ ಹೋದೆ, ಅವಳು ನನ್ನ ಕೂದಲಿಗೆಲ್ಲ ಪೌಡರ್ ಹಚ್ಚಿಟ್ಟಳು. ಪಲಂಗವನ್ನೇ ಒಯ್ಯುವುದೆಂದು ಅಂದೇ ತೀರ್ಮಾನಿಸಿ ಮುನೀರೋದ್ದೀನ ಚಾಚಾನಿಗೆ ಹೇಳಿ ಕಳಿಸಿದೆ. ಬಡಿಗತನದ ಜೊತೆಗೆ ಅವರದೊಂದು ಟೆಂಪೋ ಕೂಡ ಇದೆ.

ಮರುದಿನವೇ ಎದುರು ಮನೆಯ ಸಿದ್ದೇಶ್ವರಿ ಅಕ್ಕ ಮೊಸರಿಗೆ ಹೆಪ್ಪು ಕೇಳುವ ನೆವದಲ್ಲಿ ಬಂದರು.

"ಮಾಯಾ, ಪಲಂಗ ಹೊಂಟದಂತ, ಖರೇ ಏನು?"

"ಹೌದ್ರಿ ಅಕ್ಕ. ಕೂಸು ಅದ್ರ ಮ್ಯಾಲೇ ಮಲಗತದ."

"ಕಪಾಟ?"

"ಕಪಾಟ ಇಲ್ರಿ."

"ಹಂಗಾರ ಛಲೋ ಆಯ್ತು. ಏನಿಲ್ಲ ತಗೋ, ಸುಮ್ಮ ಕೇಳಿದೆ. ಹೋದ ವರ್ಷ ಮ್ಯಾಲಿನ ಗಲ್ಲಿದಾಗ ಒಂದ ಮನಿದು ಹಿಂಗೇ ಮೊದಲ ಪಲಂಗ ಹೊಂಟಿತ್ತು."

ಅವರು ಹೆಪ್ಪು ಮರೆತು ಹೋದರು. ನಾನು ಹೆಪ್ಪಿನ ಬಟ್ಟಲು ಹಿಡಿದುಕೊಂಡೇ ಕೂತೆ. ನಮ್ಮ ಕಡೆ ಸೊಸೆಯ ತವರಿನವರು ಕೊಟ್ಟ ಪಲಂಗ, ಕಪಾಟು ಗಂಡನ ಮನೆಯಿಂದ ಹೊರಬೀಳುವುದು ಒಂದೇ ಸಲ. ಹಿರಿಯರು ಕೂತು ಮಾತಾಡಿ, ಮದುವೆ ಮುರಿಯಿತು ಎಂದಾದ ಮೇಲೆ. ಗಂಡ ಭಾಲ್ಕಿಯಲ್ಲಿ, ಹೆಂಡತಿ ಬೀದರಿಗೆ, ಹಿಂದೆಯೇ ಪಲಂಗ. ಊರಿಗೆ ಇನ್ನೇನು ಬೇಕು? ನಾನಾದರೋ ಬೀದರಿನಲ್ಲಿರುತ್ತೇನೆ. ಇಲ್ಲಿ ಜವಾಬು ಕೊಡಬೇಕಾದವರು ಅತ್ತೆ. ಪಲಂಗ ಬಿಟ್ಟು ಹೋದರೆ ಆಮುವಿಗೆ ನಿದ್ದೆಯಿಲ್ಲ, ನಿದ್ದೆಯಿಲ್ಲದಿದ್ದರೆ ಖತೀಜಾ ಬೇಗಂ ಇಲ್ಲ, ಅವರಿಲ್ಲದಿದ್ದರೆ ಎಂ.ಎಸ್ಸಿ. ಇಲ್ಲ.

ಎರಡು ದಿನ ಒದ್ದಾಡಿ ಒಂದು ಉಪಾಯ ಹೂಡಿದೆ. ಗುರುವಾರ ನಸುಕಿನ ಐದು ಗಂಟೆಗೆ, ಗಲ್ಲಿ ಏಳುವ ಮೊದಲೇ ಟೆಂಪೋ ತರಲು ಚಾಚಾನಿಗೆ ಫೋನಿನಲ್ಲಿ ಹೇಳಿದೆ. ಕಾಲೇಜಿನಲ್ಲಿ ಹಾಜರಾಗಿ ಸಹಿ ಮಾಡಲು ಅಂದೇ ಕೊನೆಯ ದಿನ, ಮೂರು ಗಂಟೆಯೊಳಗೆ. ಗೌರವ ಭಾಲ್ಕಿಯಿಂದ ನೇರ ಬೀದರಿಗೆ ಬರುವುದು ಎಂದಿತ್ತು. ಫೋನಿಟ್ಟು ತಿರುಗಿದರೆ ಅತ್ತೆ ಮೊರದಲ್ಲಿ ತೊಗರಿ ಬೇಳೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಐದಕ್ಕ ಯಾಕವ್ವ? ಕಳವು ಮಾಲೇನು?"

ಸಿದ್ದೇಶ್ವರಿ ಅಕ್ಕ ಹೇಳಿದ್ದನ್ನೆಲ್ಲ ಹೇಳಿದೆ. ಅತ್ತೆ ಬೇಳೆಯಲ್ಲಿನ ಒಂದು ಹರಳನ್ನು ಹುಡುಕಿ ತೆಗೆದು ಅಂಗಳಕ್ಕೆ ಎಸೆದರು.

"ಇಷ್ಟ ಓದೀದಿ, ಇಷ್ಟ ತಿಳಿವಲ್ದೇನು? ಮುರದು ಹೋಗೋರೇ ನಸಿಕಿನ್ಯಾಗ ಹೋಗ್ತಾರ, ಮಾರಿ ತೋರಸಲಾಕ ನಾಚಿ. ನೀ ಐದಕ್ಕ ಹೋದ್ರ ಆರಕ್ಕ ಊರ ತುಂಬ ಸುದ್ದಿ."

"ಹಂಗಾರ ಪಲಂಗ ಬ್ಯಾಡ ಬಿಡ್ರಿ ಅತ್ತಿ."

"ಯಾಕ ಬ್ಯಾಡ? ಹತ್ತಕ್ಕ ತರಸು. ಗುರುವಾರ ಸಂತಿನೂ ಅದ, ಛಲೋ ಮಂದಿ ಇರ್ತಾರ."

ಅವರೇ ಮಗನಿಗೆ ಫೋನು ಹಚ್ಚಿದರು. "ಗೌರವ, ಬೀದರಿಗೆ ಹೋಗಬ್ಯಾಡ, ಇಲ್ಲಿಗಿ ಬಾ. ಇಸ್ತ್ರಿ ಅಂಗಿ ಹಾಕ್ಕೊಂಡ ಬಾ."

ಗುರುವಾರ ಹತ್ತಕ್ಕೆ ಸರಿಯಾಗಿ ಟೆಂಪೋ ಬಂತು. ಚಾಚಾ ಪಾನಾ ತಿರುಗಿಸಿ ಪಲಂಗದ ಬೋಲ್ಟುಗಳನ್ನು ಬಿಚ್ಚಿ ಹಲಗೆಗಳನ್ನು ಒಂದೊಂದಾಗಿ ಹೊರಗೆ ತಂದು ಟೆಂಪೋದಲ್ಲಿ ಒರಗಿಸಿದರು. ಹಗ್ಗ ಬಿಗಿಯಬೇಕು ಎನ್ನುವಾಗ ಅತ್ತೆ ಹೊಸ ಇಳಕಲ್ ಸೀರೆ ಉಟ್ಟು ಹೊರಗೆ ಬಂದರು.

"ಮುನೀರ್ ಭಾಯಿ, ಜೋಡಸ್ರಿ ಅದನ್ನ."

"ಎಲ್ಲಿ ಜೋಡಸ್ಲಿ ಅಕ್ಕ? ಈಗ ಬಿಚ್ಚೇನಿ."

"ಟೆಂಪೋದಾಗೇ ಜೋಡಸ್ರಿ. ಗಾದಿ ಹಾಸ್ರಿ."

"ಬೀದರ್‌ದಾಗ ಮತ್ತ ಬಿಚ್ಚಬೇಕಾಗ್ತದ."

"ಬಿಚ್ರಿ. ಕೈಯಾಗ ಪಾನಾ ಅದಲ್ಲ, ಏನ ತುಕ್ಕ ಹಿಡದದ?"

ಚಾಚಾ ಗೊಣಗುತ್ತ ಜೋಡಿಸಿದರು. ಅದಕ್ಕೆ ಮುಕ್ಕಾಲು ತಾಸು ಹೋಯಿತು. ನಾನು ಗಡಿಯಾರ ನೋಡುತ್ತ ಉಗುರು ಕಚ್ಚುತ್ತಿದ್ದೆ. ಗಾದಿ ಹಾಸಿ ಹೂವಿನ ಚಾದರ ಹೊದಿಸಿದ ಮೇಲೆ ಅತ್ತೆ ಸ್ಟೂಲಿನ ಮೇಲೆ ಕಾಲಿಟ್ಟು ಟೆಂಪೋ ಹತ್ತಿದರು. ಪಲಂಗದ ನಡುವೆ ಚಕ್ಕಳಮಕ್ಕಳ ಹಾಕಿ ಕೂತು ಆಮುವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಇಸ್ತ್ರಿ ಅಂಗಿಯ ಗೌರವರನ್ನು ಒಂದು ಕಡೆ, ನನ್ನನ್ನು ಇನ್ನೊಂದು ಕಡೆ ಕೂರಿಸಿದರು.

"ಸೊಸಿ ಸಾಮಾನಿನ ಜೋಡಿ ಅತ್ತಿನೂ ಹೊಂಟಾಳಂದ್ರ ಈಗ ಯಾರ ಏನಂತಾರ ಅನ್ಲಿ," ಎಂದರು ನನ್ನ ಕಿವಿಯಲ್ಲಿ.

ಸಂತೆಯಲ್ಲಿ ಟೆಂಪೋ ನಡಿಗೆಯ ವೇಗದಲ್ಲಿ ಹೊರಟಿತು. ಜನ ತಲೆ ಎತ್ತಿ ನೋಡಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

"ಕಾಂತಕ್ಕ, ಎಲ್ಲಿಗ್ರಿ ಮೆರವಣಿಗಿ?" ಎಂದು ಉಳ್ಳಾಗಡ್ಡಿ ತೂಗುತ್ತಿದ್ದ ಅನೀಲಕುಮಾರ ಕೂಗಿದ.

"ನಮ್ಮ ಸೊಸಿ ಎಂ.ಎಸ್ಸಿ. ಓದಲಾಕ ಹೊಂಟಾಳ. ಗಣಿತ. ನೀ ನನ್ನ ಹಂತೇಕ ಅಂಗನವಾಡಿಗಿ ಮೂರ ವರ್ಷ ಬಂದರೂ ಹತ್ತರ ಮುಂದ ಎಣಸಲಿಲ್ಲ ನೋಡು, ಅದ ಗಣಿತ."

ಸುತ್ತಲಿನವರೆಲ್ಲ ನಕ್ಕರು. ಅನೀಲಕುಮಾರ ಎಲ್ಲರಿಗಿಂತ ಜೋರಾಗಿ ನಕ್ಕು, ಎರಡು ಕೈ ತುಂಬ ಉಳ್ಳಾಗಡ್ಡಿ ತಂದು ಪಲಂಗದ ಮೇಲೆ ಸುರಿದ. ಅಲ್ಲಿಂದ ಮುಂದೆ ಪ್ರತಿ ಹತ್ತು ಹೆಜ್ಜೆಗೆ ಟೆಂಪೋ ನಿಂತಿತು. ಒಬ್ಬರು ಬದನೆಕಾಯಿ ಕೊಟ್ಟರು, ಇನ್ನೊಬ್ಬರು ಆಮುವಿಗೆ ಪೇರಲ ಹಣ್ಣು. ಬಸ್ ನಿಲ್ದಾಣದ ಹತ್ತಿರ ಸಿದ್ದೇಶ್ವರಿ ಅಕ್ಕ ಏದುಸಿರು ಬಿಡುತ್ತ ಓಡಿ ಬಂದು ಬಟ್ಟೆಯ ಗಂಟೊಂದನ್ನು ನನ್ನ ಕೈಗಿಟ್ಟರು. ಜೋಳದ ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿ.

"ಓದಲಾಕ ಅಂತ ಹೇಳದ ಹೊಂಟಿಯಲ್ಲ ಮಾಯಾ," ಎಂದು ನನ್ನನ್ನೇ ಬೈದರು. "ನಮ್ಮ ಹುಡುಗಿದೂ ಈ ವರ್ಷ ಡಿಗ್ರಿ ಮುಗೀತದ. ಫಾರ್ಮ್ ಹ್ಯಾಂಗ ತುಂಬೋದು, ಫೋನ್ ಮಾಡಿ ಹೇಳು."

ಊರು ದಾಟಿದಾಗ ಹನ್ನೆರಡಾಗಿತ್ತು. ನೌಬಾದು ತಲುಪಿದಾಗ ಒಂದೂವರೆ. ಗೌರವರೂ ಕೈ ಹಚ್ಚಿ ಪಲಂಗ ಮತ್ತೆ ಬಿಚ್ಚಿ, ಮೆಟ್ಟಿಲಲ್ಲಿ ಹತ್ತಿಸಿ, ಮತ್ತೆ ಜೋಡಿಸುವಷ್ಟರಲ್ಲಿ ಎರಡೂಕಾಲು. ಆಮು ಅಳಲು ಶುರು ಮಾಡಿದ್ದಳು. ಅತ್ತೆ ಅವಳನ್ನು ಎತ್ತಿಕೊಂಡು ಗಾದಿಯ ಮೇಲೆ ಅಡ್ಡಾದರು.

"ನಿಂತ ಏನ ನೋಡ್ತಿ? ಹೋಗು."

"ಮಲಗಲಿಲ್ಲಂದ್ರ?"

"ಮೂವತ್ತ ಕೂಸ ಒಮ್ಮಿಗೇ ಮಲಗಸೀನಿ. ಹೋಗವ್ವ."

ಗೌರವ ಆಟೋ ನಿಲ್ಲಿಸಿದ್ದರು. ಮೂರಕ್ಕೆ ಎಂಟು ನಿಮಿಷ ಇರುವಾಗ ಸಹಿ ಮಾಡಿದೆ. ಅವಸರದಲ್ಲಿ 'ಮಹಾಮಾಯಾ' ಎಂಬ ನನ್ನ ಪೂರ್ಣ ಹೆಸರು ಗೆರೆಯಿಂದ ಹೊರಗೆ ಹೋಯಿತು. ಗುಮಾಸ್ತರು ನನ್ನ ತಲೆಯನ್ನೇ ನೋಡುತ್ತಿದ್ದರು. ಆಟೋಗೆ ಮರಳಿದ ಮೇಲೆ ಗೌರವ ನನ್ನ ಜಡೆಯಿಂದ ಉಳ್ಳಾಗಡ್ಡಿ ಸಿಪ್ಪೆಯೊಂದನ್ನು ತೆಗೆದು ಕೈಗೆ ಕೊಟ್ಟರು.

ಮನೆಗೆ ಬಂದಾಗ ಸದ್ದಿಲ್ಲ. ಮೆಟ್ಟಿಲ ಮೇಲೆ ಚಾಚಾ ರೊಟ್ಟಿ ತಿನ್ನುತ್ತ ಕೂತಿದ್ದರು. ಖತೀಜಾ ಬೇಗಂ ಬಾಗಿಲ ಸಂದಿಯಿಂದ ಒಳಗೆ ಇಣುಕಿ ನೋಡುತ್ತಿದ್ದವರು ನನ್ನತ್ತ ತಿರುಗಿ, "ಹುಡುಗಿ ಆವಾಗೇ ಮಲಗ್ಯಾಳ," ಎಂದರು ಪಿಸುಮಾತಿನಲ್ಲಿ. "ಆದ್ರ ನಿಮ್ಮ ಅತ್ತಿ ಗೊರಕಿ ಭಾಳ ಹೊಡಿತಾರ. ಅವರೂ ಇಲ್ಲೇ ಇರ್ತಾರೇನು?"

"ಇಲ್ರಿ, ನಾಳಿ ಮುಂಜಾನಿ ಬಸ್ಸಿಗಿ ಹೋಗ್ತಾರ."

"ಹಂಗಾರ ನಾಳಿಂದ ಹುಡುಗಿನ ನನಗ ಕೊಡು," ಎಂದು ಅವರು ಕೆಳಗೆ ಇಳಿದು ಹೋದರು.